ಯಂತ್ರ ಓದದ ಸಾಲು

ಕಾಂದಿವಲಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯಲ್ಲಿ ನಮ್ಮ ಆಫೀಸು. ಹೋಟೆಲುಗಳಿಗೆ ಬೇಕಾದ ಪಾತ್ರೆಗಳನ್ನು ವೆಬ್‌ಸೈಟಿನಲ್ಲಿ ಮಾರುವ ಕಂಪನಿ ಅದು. ಅಂಗಡಿಗಳು ದಿನಾ ಬೆಳಿಗ್ಗೆ ತಮ್ಮಲ್ಲಿರುವ ಸಾಮಾನಿನ ಪಟ್ಟಿಯನ್ನು, ನಾವು ಕೊಟ್ಟ ಸೂಚನೆಯ ಕಾಗದ ನೋಡಿ, ಎಕ್ಸ್‌ಎಂಎಲ್ ಫೈಲಿನಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದವು. ಪ್ರತಿ ಮಾಹಿತಿಯ ಹಿಂದೆ ಮುಂದೆ ಅದರ ಹೆಸರು ಬರೆದು, ಇದು ಪಾತ್ರೆ, ಇದು ಅಳತೆ ಎಂದು ಯಂತ್ರಕ್ಕೆ ತಿಳಿಸುವ ಕ್ರಮ ಅದು. ಅದನ್ನು ಓದುವ ಪ್ರೋಗ್ರಾಮನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪ್ರೋಗ್ರಾಮು ಸರಿಯಾಗಿ ನಡೆದ ದಿನ ನನ್ನನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ನಾನು ವಿಜಯಪುರದ ಕಡೆಯವನು. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ, ಶಾಲೆಯಲ್ಲಿ ಕನ್ನಡ. ಮುಂಬೈಗೆ ಬಂದು ಆಂಟಾಪ್ ಹಿಲ್‌ನಲ್ಲಿ ಒಂದು ಖೋಲಿ ಹಿಡಿದ ಮೇಲೆ ಎರಡೂ ಭಾಷೆಗಳು ಬಾಯಿಂದ ಜಾರಿದವು. ಬಿಲ್ಡಿಂಗಿನಲ್ಲಿ ನಮ್ಮ ಕಡೆಯವರು ಇದ್ದರು, ಆದರೆ ಎಲ್ಲರೂ ಸಂಸಾರಸ್ಥರು. ಎದುರಾದಾಗ ತಲೆಯಾಡಿಸುವಷ್ಟೇ ಬಳಕೆ.

ಒಂದು ಬೆಳಿಗ್ಗೆ ಗ್ರಾಂಟ್ ರೋಡಿನ ಅಂಗಡಿಯೊಂದರ ಫೈಲಿನಲ್ಲಿ ಪ್ರೋಗ್ರಾಮು ನಿಂತುಬಿಟ್ಟಿತು. ತೆರೆದು ನೋಡಿದೆ. ಇಡ್ಲಿ ಪಾತ್ರೆ, ಜರಡಿಗಳ ನಡುವೆ ಕನ್ನಡದಲ್ಲಿ ಒಂದು ಸಾಲಿತ್ತು: ‘ಇವತ್ತೂ ಕುಕ್ಕರಿನ ಸೀಟಿ ಕೇಳಲಿಲ್ಲ -- ಅನ್ನ ಸೀದು ಹೋಯಿತು.’

ಅದು ಕಾಮೆಂಟ್. ಮನುಷ್ಯರಿಗಾಗಿ ಬರೆಯುವ ಟಿಪ್ಪಣಿ. ಯಂತ್ರ ಅದನ್ನು ಓದದೆ ದಾಟಿಹೋಗುತ್ತದೆ. ಅದರೊಳಗೆ ಜೋಡಿ ಅಡ್ಡಗೆರೆ ಬಂದರೆ ಮಾತ್ರ ಮುಗ್ಗರಿಸುತ್ತದೆ. ಅಂಗಡಿಗೆ ಫೋನ್ ಮಾಡಿ ಹಾಗೆ ಬರೆಯಬೇಡಿ ಎನ್ನಬಹುದಿತ್ತು. ನಾನು ಹಳೆಯ ಫೈಲುಗಳನ್ನು ತೆಗೆದೆ. ತಿಂಗಳುಗಳಿಂದ ಪ್ರತಿದಿನವೂ ಒಂದೊಂದು ಸಾಲಿತ್ತು. ‘ಅತ್ತಿಗೆ ಎರಡು ಸಲ ಕರೆದಳಂತೆ. ಸೊಕ್ಕು ಅಂದುಕೊಂಡಳು.’ ‘ಎಡಗಿವಿ ಪೂರ್ತಿ ಹೋಯಿತು ಅಂತ ಕಾಣುತ್ತದೆ.’ ‘ಶೇಟ್‌ಗೆ ಗೊತ್ತಾದರೆ ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ.’

ಬರೆಯುತ್ತಿರುವವರು ಅಣ್ಣನ ಮನೆಯಲ್ಲಿರುವ ಹೆಂಗಸು, ಕಿವಿ ಮಂದವಾಗುತ್ತಿರುವುದನ್ನು ಎಲ್ಲರಿಂದ ಮುಚ್ಚಿಟ್ಟಿದ್ದಾರೆ ಎಂದು ತಿಳಿಯಿತು. ನಾನು ಫೋನ್ ಮಾಡಲಿಲ್ಲ. ಜೋಡಿ ಗೆರೆ ಬಂದರೆ ಅದನ್ನು ಅಳಿಸಿ ಮುಂದೆ ಹೋಗುವಂತೆ ಪ್ರೋಗ್ರಾಮಿಗೆ ನಾಲ್ಕು ಸಾಲು ಸೇರಿಸಿದೆ.

ಆಮೇಲೆ ಎಂಟು ತಿಂಗಳು ಆ ಸಾಲನ್ನು ಓದಿದೆ. ಆಫೀಸಿಗೆ ಬಂದು ಮೊದಲು ತೆರೆಯುತ್ತಿದ್ದದ್ದೇ ಆ ಫೈಲು. ಇಡೀ ದಿನದಲ್ಲಿ ನನಗೆ ಸಿಗುತ್ತಿದ್ದ ಕನ್ನಡ ಅಷ್ಟೇ. ಸಾಲು ಬಾರದ ದಿನ ಅವರಿಗೆ ಹುಷಾರಿಲ್ಲವೇನೋ ಎಂದು ಸಂಜೆಯ ತನಕ ಕಸಿವಿಸಿ.

ನಂತರ ಮ್ಯಾನೇಜರು ಫ್ರೇಮ್‌ವರ್ಕು ಬದಲಿಸಬೇಕು, ಫೈಲುಗಳೆಲ್ಲ ಜೇಸನ್ ಎಂಬ ಬೇರೆ ಕ್ರಮಕ್ಕೆ ಹೋಗಬೇಕು, ಅಂಗಡಿಯವರು ಇನ್ನು ಮುಂದೆ ಒಂದು ಫಾರಂ ತುಂಬಿದರೆ ಸಾಕು ಎಂದರು. ಜೇಸನ್ನಿನಲ್ಲಿ ಕಾಮೆಂಟಿಗೆ ಜಾಗವಿಲ್ಲ. ಯಾರಿಗಾದರೂ ತೊಂದರೆಯಿದೆಯೇ ಎಂದು ಮೀಟಿಂಗಿನಲ್ಲಿ ಕೇಳಿದಾಗ ನಾನು ಇಲ್ಲವೆಂದೆ. ಏನೆಂದು ಕಾರಣ ಹೇಳಲಿ? ಬದಲಾವಣೆ ಮಾಡಿದವನೂ ನಾನೇ. ಮರು ಸೋಮವಾರ ಗ್ರಾಂಟ್ ರೋಡಿನ ಫೈಲು ಬಂತು. ಪಾತ್ರೆಗಳು ಮಾತ್ರ ಇದ್ದವು.

ಎರಡು ವಾರ ತಡೆದೆ. ಒಂದು ಶನಿವಾರ ಲೋಕಲ್ ಹಿಡಿದು ಗ್ರಾಂಟ್ ರೋಡಿಗೆ ಹೋದೆ. ಅಂಗಡಿಯ ಒಳಮೂಲೆಯಲ್ಲಿ, ಪೇರಿಸಿಟ್ಟ ತಪ್ಪಲೆಗಳ ಪಕ್ಕ ಒಂದು ಕಂಪ್ಯೂಟರು. ಅದರ ಮುಂದೆ ಐವತ್ತರ ಆಸುಪಾಸಿನ ಹೆಂಗಸು ಕುಳಿತಿದ್ದರು. ರಸ್ತೆಯಲ್ಲಿ ಒಂದೇ ಸಮನೆ ಹಾರನ್ನು. ನಾನು ಅವರ ಬಲಗಡೆಗೆ ಹೋಗಿ, ಮುಖ ಕಾಣುವಂತೆ ಬಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದೆ:

“ನಾ ಕಾಂದಿವಲಿ ಆಫೀಸಿನಾಂವ್ರೀ. ಹೊಸಾ ಫಾರಂ ತುಂಬಾಕ ತ್ರಾಸೇನರ ಐತೇನ್ರಿ?”

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಕನ್ನಡ ಕೇಳಿ ಮೊದಲು ಮುಖ ಅರಳಿತು. ಆಮೇಲೆ ನಾನು ನಿಂತ ಕಡೆ ನೋಡಿದರು. ಎಡಗಿವಿಯ ಮೇಲಿನ ಕೂದಲು ಸರಿಮಾಡಿಕೊಂಡರು. ಅವರ ಕಿವಿಯ ವಿಷಯ ನನಗೆ ಗೊತ್ತಿದೆ ಎಂದು ಅಲ್ಲಿಗೆ ಅವರಿಗೆ ತಿಳಿದುಹೋಯಿತು.

“ನಿಮಗೆ ಯಾರು ಹೇಳಿದ್ದು?” ಎಂದು ಮೆಲ್ಲನೆ ಕೇಳಿದರು.

“ಯಾರೂ ಹೇಳಿಲ್ರಿ. ಫೈಲಿನಾಗ ಓದೀನಿ.”

“ಅಲ್ಲಿ ಬರೆದದ್ದನ್ನು ಯಾರೂ ಓದುದಿಲ್ಲ ಅಂತ ನಿಮ್ಮ ಆಫೀಸಿನ ಕಾಗದದಲ್ಲೇ ಉಂಟಲ್ಲ. ಹಾಗಾಗಿ ಬರೆದದ್ದು ನಾನು.”

ತಪ್ಪಾಯಿತೆಂದೆ. ಅವರು ಪರದೆಯ ಕಡೆ ತಿರುಗಿಕೊಂಡರು. ಎಷ್ಟು ಸಮಯದಿಂದ ಓದುತ್ತಿದ್ದೆ ಎಂದು ಆ ಕಡೆ ನೋಡುತ್ತಲೇ ಕೇಳಿದರು. ಎಂಟು ತಿಂಗಳು ಎಂದೆ. ಅವರು ನನ್ನ ಮುಖ ನೋಡಿರಲಿಲ್ಲ, ಉತ್ತರ ಅವರಿಗೆ ಸಿಗಲಿಲ್ಲ. ಇನ್ನೊಮ್ಮೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಅಂಗಡಿಯ ಶೇಟ್ ನಮ್ಮನ್ನು ನೋಡುತ್ತಿದ್ದರು. ಫಾರಂ ಬಗ್ಗೆ ಕೇಳಲು ಬಂದೆ ಎಂದು ಹಿಂದಿಯಲ್ಲಿ ಅವರಿಗೆ ತಿಳಿಸಿ, ಹೊರಗೆ ಬಂದೆ.

ಹೊಸ ಫೈಲಿನಲ್ಲಿ ‘ಷರಾ’ ಎಂದು ಒಂದು ಖಾನೆ ಸೇರಿಸಲು ನನಗೆ ಹತ್ತು ನಿಮಿಷ ಸಾಕಿತ್ತು. ಸೇರಿಸಿಯೂ ನೋಡಿದೆ, ಮಧ್ಯಾಹ್ನ ತೆಗೆದುಬಿಟ್ಟೆ. ಓದುವವನಿದ್ದಾನೆ ಎಂದು ಗೊತ್ತಾದ ಮೇಲೆ ಅವರು ಅಲ್ಲಿ ಏನು ತಾನೇ ಬರೆದಾರು?

ಮಳೆಗಾಲ ಮುಗಿದ ಮೇಲೆ ಇನ್ನೊಂದು ಕೆಲಸಕ್ಕೆ ಆ ರಸ್ತೆಗೆ ಹೋಗಿದ್ದೆ. ಎದುರು ಫುಟ್‌ಪಾತಿನಿಂದ ಅವರು ಕಂಡರು. ಬಲಗಿವಿಯ ಹಿಂದೆ ಕಂದು ಬಣ್ಣದ ಪುಟ್ಟ ಮಿಷನ್ನು. ಬೆನ್ನ ಹಿಂದಿನಿಂದ ಶೇಟ್ ಏನೋ ಕೇಳಿದರು, ಅವರು ತಿರುಗದೆಯೇ ಉತ್ತರ ಕೊಟ್ಟರು. ಮನೆಯಲ್ಲಿ ಹೇಳಿರಬೇಕು, ಯಾವ ದಿನ, ಹೇಗೆ ಹೇಳಿದರು ಎಂಬುದು ನನಗೆ ತಿಳಿಯುವ ದಾರಿ ಇರಲಿಲ್ಲ. ಸ್ವಲ್ಪ ಹೊತ್ತು ನಿಂತೆ. ನನಗೆ ಸಂತೋಷವೇ ಆಗಿತ್ತು, ಆದರೆ ಅದನ್ನು ಯಾರಿಗೆ ಹೇಳುವುದು ಎಂದು ತೋಚದೆ ಸ್ಟೇಷನ್ ಕಡೆ ನಡೆದೆ.