ನೂರು ನಂಬರಿನ ಹಳದಿ ಜೆರ್ಸಿ

ಇವತ್ತು ಬೆಳಿಗ್ಗೆ ಚಿತ್ರಾನ್ನದ ಒಗ್ಗರಣೆ ಕಲಸುವಾಗ, ಆಗಷ್ಟೇ ಮಡಿಕೆ ಬಿಚ್ಚಿ ಉಟ್ಟಿದ್ದ ಬಿಳಿ ಸೀರೆಯ ಸೆರಗಿಗೆ ಅರಿಶಿನದ ಚುಕ್ಕೆಯೊಂದು ಬಿತ್ತು. ಬೇಜಾರಾಯಿತು. ಬುದ್ಧಿ ಇದ್ದವರು ಸುಮ್ಮನಿರುತ್ತಾರೆ. ನಾನು ಬಚ್ಚಲಿಗೆ ಓಡಿ ಸೋಪು ತಿಕ್ಕಿದೆ. ಚುಕ್ಕೆ ಕುಂಕುಮದ ಹಾಗೆ ಕೆಂಪಾಗಿ ಅರಳಿತು. ನೀವು ನಂಬುವುದಿಲ್ಲ, ಆ ಕೆಂಪು ನೋಡಿದ್ದೇ ಬೇಜಾರೆಲ್ಲ ಹೋಗಿ ಎದೆ ಡವಡವ ಅನ್ನತೊಡಗಿತು. ಓಟಕ್ಕೆ ಮಕ್ಕಳು ಸಾಲಾಗಿ ನಿಂತಿದ್ದಾರೆ, ಸೀಟಿ ಇನ್ನೂ ಊದಿಲ್ಲ ಅನ್ನುವಾಗ ಆಗುತ್ತದಲ್ಲ, ಹಾಗೆ.

ಎಂಬತ್ತರ ದಶಕದ ಶುರು. ನಾವು ಮಾಲೂರಿನಲ್ಲಿದ್ದೆವು. ಯಜಮಾನರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಸಂಜೆಯ ರೈಲಿಗೆ ಬರುವರು. ಮನೆಯಲ್ಲಿ ನಾನು, ಮುಳಬಾಗಿಲು ಕಡೆಯವರಾದ ನಮ್ಮತ್ತೆ, ಒಂದನೇ ಕ್ಲಾಸಿನ ಮಗಳು ಶಶಿ. ಒಂದು ದಿನ ಶಶಿ ಶಾಲೆಯಿಂದ ಬಂದವಳೇ ಚೀಲವನ್ನೂ ಇಳಿಸದೆ ಹೇಳಿದಳು: "ಅಮ್ಮಾ, ನಿಂಬೆಹಣ್ಣು-ಚಮಚದ ಓಟಕ್ಕೆ ನನ್ನ ಹೆಸರು ಬರ್ಕೊಂಡವ್ರೆ. ನಾನು ಹಳದಿ ತಂಡ. ಹಳದಿ ಅಂಗಿ ಇಲ್ದಿದ್ರೆ ಓಡಿಸಲ್ವಂತೆ. ಜೆರ್ಸಿ ಹೊಲ್ಕೊಡು."

ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಿ ಮೊಮ್ಮಗಳನ್ನು ಕೇಳಿದರು. "ಜೆರ್ಸಿ ಅಂದ್ರೆ ಹಸು ಅಲ್ವೇನೇ? ಹೋಳೂರಲ್ಲಿ ನಿಮ್ಮತ್ತೆ ಮನೇಲಿ ಕಟ್ಟವ್ರಲ್ಲ."

ನನಗೋ ಖುಷಿ ತಡೆಯಲಾಗಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಹೊಲಿಗೆ ಕಲಿತವಳು ನಾನು. ಕರವಸ್ತ್ರದ ಅಂಚು, ಮೇಜಿನ ಹಾಸಿನ ಲೇಸು, ಗೊಂಬೆಗೆ ನಿರಿಗೆಯ ಫ್ರಾಕು ಎಲ್ಲ ಮಾಡಿ ಬೆನ್ನು ತಟ್ಟಿಸಿಕೊಂಡಿದ್ದೆ. ಆದರೆ ಗೊಂಬೆ ಓಡುವುದಿಲ್ಲ. ಅದನ್ನು ಆಗ ನಾನು ಯೋಚಿಸಲಿಲ್ಲ.

ಯಜಮಾನರಿಗೆ ಹಳದಿ ಬನಿಯನ್ ಬಟ್ಟೆ ತನ್ನಿ ಅಂದರೆ ಬಿಳಿ ತಂದರು. "ಹಳದಿ ಸಿಗ್ಲಿಲ್ಲ ಕಣೇ. ಬಿಳಿ ಆದ್ರೆ ಯಾವ ಬಣ್ಣ ಬೇಕಾದ್ರೂ ಮಾಡ್ಕೋಬಹುದು," ಅಂತ ಸಮಜಾಯಿಷಿ ಬೇರೆ. ಮಾಡಿಕೊಂಡೆವು. ಅತ್ತೆ ಅರಿಶಿನದ ಕೊಂಬು ಕುಟ್ಟಿದರು, ನಾನು ಹಂಡೆಯಲ್ಲಿ ಬಟ್ಟೆ ಹಾಕಿ ಕುದಿಸಿದೆ. ಹೊರಗೆ ಒಣಗಿಸಿದರೆ ಇಟ್ಟಿಗೆ ಗೂಡುಗಳ ಕೆಂಪು ಧೂಳು ಕೂರುತ್ತದೆಂದು ನಡುಮನೆಯಲ್ಲೇ ಹಗ್ಗ ಕಟ್ಟಿದೆ. ಎಂಥ ಹಳದಿ ಅಂತೀರಿ, ಗೋಡೆಗೆಲ್ಲ ಅದರ ಬೆಳಕು ಬಿದ್ದ ಹಾಗಿತ್ತು.

ಬನಿಯನ್ ಬಟ್ಟೆ ಮಿಷನ್ನಿನ ಕೆಳಗೆ ಹಿಗ್ಗಿ, ಅಂಚು ಹಪ್ಪಳದ ಹಾಗೆ ಅಲೆಅಲೆಯಾಯಿತು. ಬಿಚ್ಚಿದೆ. ಬಟ್ಟೆಯ ಅಡಿಗೆ ಹಳೆಯ ಪೇಪರ್ ಇಟ್ಟು ಹೊಲಿದು, ಆಮೇಲೆ ಪೇಪರ್ ಹರಿದು ತೆಗೆದೆ, ನೆಟ್ಟಗೆ ಬಂತು. ಕತ್ತು ಮಾತ್ರ ಗೊಂಬೆಯ ಲೆಕ್ಕದಲ್ಲೇ ಕತ್ತರಿಸಿದ್ದೆ. ಶಶಿಯ ತಲೆ ಅರ್ಧಕ್ಕೆ ಸಿಕ್ಕಿಕೊಂಡಿತು. ಒಳಗಿನಿಂದಲೇ ಅವಳು ಶಾಂತವಾಗಿ, "ಅಮ್ಮಾ, ಇಲ್ಲಿ ಕತ್ಲು," ಅಂದಳು. ಭುಜದ ಹತ್ತಿರ ಸೀಳಿ ಟಿಚ್ ಬಟನ್ ಹಾಕಿದೆ.

ಬೆನ್ನಿಗೆ ನಂಬರು ಬೇಕಂತೆ. ಯಾವ ನಂಬರು ಬೇಕೇ ಅಂದರೆ, "ಎಲ್ಲಕ್ಕಿಂತ ದೊಡ್ಡದು," ಅಂದಳು. ಅವಳಿಗೆ ಗೊತ್ತಿದ್ದ ಎಲ್ಲಕ್ಕಿಂತ ದೊಡ್ಡದು ನೂರು. ಅಂಗೈ ಅಗಲದ ಬೆನ್ನಿನ ಮೇಲೆ ಎರಡು ಸೊನ್ನೆ ಕೂರಿಸುವುದು ಎಷ್ಟು ಕಷ್ಟ ಅಂತ ಹೊಲಿದವರಿಗೇ ಗೊತ್ತು. ಹಳೆಯ ನೀಲಿ ಲಂಗದ ತುಂಡಿನಲ್ಲಿ ಕತ್ತರಿಸಿ, ಕಾಜಾ ಹೊಲಿಗೆಯಲ್ಲಿ ಸುತ್ತಲೂ ಕಟ್ಟಿದೆ. ಅತ್ತೆ ನೋಡಿ, "ಬೆನ್ನ ಮೇಲೆ ನಂಬರ್ ಯಾಕಮ್ಮಾ, ಸುಗಟೂರು ಬಸ್ಸಾ ಇವಳು?" ಅಂದರು. ಆದರೆ ಪಕ್ಕದ ಮನೆಯವರನ್ನು ಕರೆದು ತೋರಿಸಿದವರೂ ಅವರೇ.

ಅಷ್ಟೂ ದಿನ ಶಶಿ ಬಾಯಲ್ಲಿ ಚಮಚ ಕಚ್ಚಿ, ಅದರ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಪಡಸಾಲೆಯಿಂದ ಹಿತ್ತಲಿಗೆ ನಡೆಯುತ್ತಿದ್ದಳು. ಏನು ಕೇಳಿದರೂ "ಹೂಂ" ಒಂದೇ ಉತ್ತರ. ಬಿದ್ದು ಬಿದ್ದು ಹಣ್ಣಿನ ಮೈ ಕಪ್ಪುಗಟ್ಟಿತ್ತು. ಬೇರೆ ಹಣ್ಣು ಕೊಡುತ್ತೇನೆಂದರೆ, "ಇದಕ್ಕೆ ನನ್ನ ನಡಿಗೆ ಅಭ್ಯಾಸ ಆಗಿದೆ," ಅನ್ನುವಳು. ರಾತ್ರಿ ದಿಂಬಿನ ಪಕ್ಕದಲ್ಲೇ ಅದಕ್ಕೂ ಹಾಸಿಗೆ.

ಓಟದ ದಿನ ಬೆಳಿಗ್ಗೆ ಜೆರ್ಸಿ ಮಡಿಸಲು ಕೈಗೆತ್ತಿಕೊಂಡೆ. ಎದೆಯ ಮೇಲೆ ಮಿಷನ್ ಎಣ್ಣೆಯ ಒಂದು ಚಿಕ್ಕ ಕಲೆ. ಬೇರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಸಿಸ್ಟರುಗಳು ಅಷ್ಟಕ್ಕೇ ಬಿಚ್ಚಿ ಹೊಲಿಸುತ್ತಿದ್ದವರು. ಬಾರ್ ಸೋಪು ತಿಕ್ಕಿದೆ. ಕೆಂಪಾಯಿತು. ಗಾಬರಿಯಲ್ಲಿ ಇನ್ನಷ್ಟು ತಿಕ್ಕಿದೆ, ನೀರು ಸುರಿದೆ. ಕೆಂಪು ಹೊಟ್ಟೆಯವರೆಗೆ ಇಳಿಯಿತು.

ಅತ್ತೆ ಬಂದು ಇಣುಕಿದರು. "ಅಯ್ಯೋ ದೇವುಡಾ, ಅಂಗಿಗೆ ಆರತಿ ನೀರು ಮಾಡಿಟ್ಟಿದ್ದೀಯಲ್ಲೇ." ಪ್ರತಿ ಶುಭಕಾರ್ಯಕ್ಕೂ ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ಮಾಡುವವರು ನಾವೇ. ಸೋಪೂ ಸುಣ್ಣದ ಜಾತಿಯೇ ಅಂತ ಇಬ್ಬರಿಗೂ ಆ ಗಳಿಗೆಯವರೆಗೆ ಹೊಳೆದಿರಲಿಲ್ಲ.

ಬಾಗಿಲಲ್ಲಿ ಶಶಿ ನಿಂತಿದ್ದಳು. "ಕೆಂಪು ತಂಡ ಬೇರೆ ಇದೆ ಅಮ್ಮಾ," ಅಂದಳು. ಅಳಲಿಲ್ಲ, ತುಟಿ ಮಾತ್ರ ಒಳಕ್ಕೆ ಎಳೆದುಕೊಂಡಳು. ಅದು ಅಳುವುದಕ್ಕಿಂತ ಕಷ್ಟ.

ಆಗ ನೆನಪಾಯಿತು, ಸೈನ್ಸ್ ಕ್ಲಾಸಿನ ಅರಿಶಿನದ ಕಾಗದ. ಕೆಂಪಾದದ್ದಕ್ಕೆ ಹುಳಿ ಬಿಟ್ಟರೆ ಮತ್ತೆ ಹಳದಿ. ಅತ್ತೆ ಹುಣಸೆ ಜಾಡಿಗೆ ಕೈ ಹಾಕಿದವರು, "ಬೇಡ, ಕರೆ ಹಿಡೀತದೆ. ನಿಂಬೆಹಣ್ಣು ಇದೆಯಾ?" ಅಂದರು. ಬುಟ್ಟಿಯಲ್ಲಿ ಇರಲಿಲ್ಲ. ನಾವಿಬ್ಬರೂ ಶಶಿಯ ಕಡೆ ನೋಡಲಿಲ್ಲ. ನೋಡಬಾರದು ಅಂತಲೇ ನೋಡಲಿಲ್ಲ.

ಅವಳೇ ಒಳಗೆ ಹೋಗಿ, ದಿಂಬಿನ ಪಕ್ಕದಿಂದ ಹಣ್ಣು ತಂದು ಎರಡೂ ಕೈಯಲ್ಲಿ ಹಿಡಿದು ನಿಂತಳು. "ಅರ್ಧ ಸಾಕಾ?" ಅಂದಳು.

ಸಾಲಲಿಲ್ಲ, ಪೂರ್ತಿ ಬೇಕಾಯಿತು. ಹಿಂಡಿದಲ್ಲೆಲ್ಲ ಕೆಂಪು ಓಡಿಹೋಗಿ ಹಳದಿ ವಾಪಸು ಬಂತು. ಮೂವರೂ ಬಚ್ಚಲಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಿದೆವು. ಅರೆಒದ್ದೆ ಜೆರ್ಸಿಯನ್ನೇ ತೊಡಿಸಿ ಶಾಲೆಗೆ ಓಡಿದೆವು. ಮಗು ಉಪ್ಪಿನಕಾಯಿಯ ಹಾಗೆ ಘಮಘಮ ಅನ್ನುತ್ತಿತ್ತು. ಕತ್ತು, ತೋಳಿಗೆಲ್ಲ ಬಣ್ಣ ಇಳಿದು, ಅರಿಶಿನ ಹಚ್ಚಿಸಿಕೊಂಡ ಮದುಮಗಳೇ ಸರಿ.

ಸೀಟಿ ಊದಿದರು. ಉಳಿದವರು ಓಡಿದರು, ಹಣ್ಣು ಬೀಳಿಸಿದರು, ಹೆಕ್ಕಿದರು. ಶಾಲೆಯವರು ಕೊಟ್ಟ, ಅಭ್ಯಾಸವಿಲ್ಲದ ಹಣ್ಣನ್ನು ಹೊತ್ತು ನಮ್ಮ ನೂರು ನಂಬರು ಬೀಳಿಸದೆ ನಡೆದು ಬಂತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ರಾವೇ ತಲ್ಲೀ, ರಾವೇ," ಅಂತ ತೆಲುಗಿನಲ್ಲಿ ಬಾರೇ ಬಾರೇ ಎಂದು ಕರೆಯುತ್ತ ಗೆರೆಯುದ್ದಕ್ಕೂ ಅವಳ ಜೊತೆಗೇ ನಡೆದರು. ಎರಡನೆಯವಳಾಗಿ ಕೊನೆಯ ಗೆರೆ ಮುಟ್ಟಿದಳು. ಮಿಸ್ಸು ಹಣ್ಣು ವಾಪಸು ಕೇಳಿದರೆ ಕೊಡಲೇ ಇಲ್ಲ. ಚಮಚ ಬಾಯಿಂದ ತೆಗೆದು, "ನಮ್ಮನೇಗೆ ಬೇಕು ಮಿಸ್. ಅಂಗಿ ಮತ್ತೆ ಕೆಂಪಾದ್ರೆ?" ಅಂದಳು.

ಇವತ್ತು ಸೆರಗಿಗೆ ಬಿದ್ದ ಚುಕ್ಕೆ ಇನ್ನೂ ಕೆಂಪಗೇ ಇದೆ. ಚಿತ್ರಾನ್ನಕ್ಕೆ ಹಿಂಡಿ ಉಳಿದ ಅರ್ಧ ಹಣ್ಣು ಕಟ್ಟೆಯ ಮೇಲಿದೆ. ಕೈ ಅದರ ಕಡೆ ಹೋಗಿತ್ತು, ತಡೆದೆ. ಶಶಿ ಮಧ್ಯಾಹ್ನದ ರೈಲಿಗೆ ಬರುತ್ತಾಳೆ. ಅವಳ ಕೈಯಲ್ಲೇ ಹಿಂಡಿಸೋಣ. ಈ ಸಲ ಅರ್ಧ ಸಾಕು.