ಪಶ್ಚಿಮಕ್ಕೆ ಕಾಕಾರ ಮನೆ

ಮೊನ್ನೆ ನವನಗರದ ಮನೆಯನ್ನು ಮಗಳ ಹೆಸರಿಗೆ ಮಾಡಿಸಲೆಂದು ಪತ್ರ ಬರೆಯುವವರ ಮುಂದೆ ಕುಳಿತಿದ್ದೆ. ಪಕ್ಕದ ಬೆಂಚಿನ ಮುದುಕರೊಬ್ಬರು ಡಬ್ಬಿ ತೆರೆದು ಚಿಟಿಕೆ ನಶ್ಯ ಏರಿಸಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ಕಾಕಾ ಎದ್ದು ಬಂದ ಹಾಗಾಯಿತು...

ಕಾಕಾ ಸರ್ಕಾರಿ ದಫ್ತರದಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿ ಓದಬಲ್ಲವರು. ಬಾಯಿ ಮಾತ್ರ ಬಲು ಜೋರು. ನಮ್ಮ ಕರಿಬೇವಿನ ಎಲೆ ಅವರ ಅಂಗಳಕ್ಕೆ ಬಿದ್ದರೆ ಗಿಡ ನಮ್ಮದು, ಸಾರಿಗೆ ಒಗ್ಗರಣೆ ಬೇಕಾದರೆ ಅವರದು.

ನಮ್ಮ ಅವ್ವ ಹುಟ್ಟಿದ್ದು ಹಳೇ ಬಾಗಲಕೋಟೆಯ ಬಣ್ಣಗಾರರ ಮನೆಯಲ್ಲಿ. ಇಳಕಲ್ಲಿನ ನೇಕಾರರ ನೂಲಿಗೆ ನೀಲಿ ಹಾಕಿಕೊಡುತ್ತಿದ್ದ ಮನೆ ಅದು. ಅಜ್ಜ ಬೇಗ ತೀರಿಕೊಂಡ ಮೇಲೆ ಆ ಕೆಲಸ ನಡೆಸಿದವಳು ಅಜ್ಜಿ. ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಒಂದು ಫೋಟೋ ಕೂಡ ಉಳಿಯಲಿಲ್ಲ. ನೌಕರಿ ಹಿಡಿದ ಸೋದರಳಿಯಂದಿರು ತಮ್ಮದು ಮೊದಲಿನಿಂದಲೂ ಬಟ್ಟೆ ವ್ಯಾಪಾರವೆಂದು ಹೇಳಿಕೊಳ್ಳತೊಡಗಿದಾಗ ಅವ್ವನಿಗೆ ತಡೆಯಲಾಗಲಿಲ್ಲ.

“ನಮ್ಮವ್ವನ ಕೈ ಸಾಯೂತನಕ ನೀಲಿ ಇದ್ದೂ. ಒಂದ್ ಕಾಗದದಾಗರ ಆಕಿ ಹೆಸರು ನೋಡಿ ಕಣ್ಣ ಮುಚ್ಚತೇನಿ,” ಎಂದು ಹಟ ಹಿಡಿದಳು.

ನಾನು ಹಳೆಯ ದಾಖಲೆ ನೋಡಲು ಅರ್ಜಿ ಕೊಟ್ಟೆ. ಕರೆಯದೇ ಕಾಕಾ ಜೊತೆಗೆ ಹೊರಟರು. ನಶ್ಯದ ಸೀನು ಕಾಗದದ ಮೇಲೆ ಬೀಳದಿರಲೆಂದು ಮೂಗಿಗೆ ಟವೆಲ್ ಕಟ್ಟಿಕೊಂಡು, “ಮೂಗು ನಂದು, ದಫ್ತರ ಸರ್ಕಾರದ್ದು,” ಎಂದರು. ಆದರೆ ಅಜ್ಜಿಯ ಮನೆಯ ಹಾಳೆಯನ್ನು ಗೆದ್ದಲು ತಿಂದಿತ್ತು. ಕಟ್ಟು ಬಿಚ್ಚಿದರೆ ಬರೀ ಪುಡಿ. ಇದನ್ನು ಅವ್ವನಿಗೆ ಹೇಗೆ ಹೇಳುವುದೆಂದು ನನಗೆ ಅಳು ಬಂತು.

ಆ ಸಂಜೆ ಕಾಕಾ ನಮ್ಮ ಕಟ್ಟೆಗೆ ಬಂದು ಕುಳಿತು ಅವ್ವನನ್ನು ಕೇಳಿದರು. “ಅಕ್ಕಾರ, ನಿಮ್ಮ ತವರಮನ್ಯಾಗ ಕುಡಿಯೂ ನೀರು ಎಲ್ಲಿಂದ ತರ್ತಿದ್ರಿ?”

“ನಮ್ಮ ಬಾವಿ ನೀರಿಗೆ ಬಣ್ಣದ ವಾಸನಿರಿ ಅಣ್ಣಾರ. ಬಾಜೂ ಮನಿ ಶೆಟ್ರ ಬಾವ್ಯಾಗ ಸೇದತಿದ್ವಿ. ಒಂದಿನಾನೂ ಬ್ಯಾಡ ಅನ್ನಲಿಲ್ಲ ಪುಣ್ಯಾತ್ಮರು.”

ಕಾಕಾ ತೊಡೆ ತಟ್ಟಿದರು. “ಹಂಗಾರ ನಾಳೆ ಶೆಟ್ರ ಹಾಳಿ ತಗಸೂಣು. ನಮ್ಮ ಹಾಳಿ ಹೋದ್ರೂ ಬಾಜೂದವರ ಹಾಳ್ಯಾಗ ನಾವು ಇದ್ದಽ ಇರ್ತೇವಿ.”

ಮನೆಯ ಕಾಗದವೆಂದ ಮೇಲೆ ಚಕ್ಕುಬಂದಿ ಇರಲೇಬೇಕು. ನಾಲ್ಕು ದಿಕ್ಕಿಗೆ ಯಾರ್ಯಾರ ಮನೆ ಎಂಬ ವಿವರ. ಶೆಟ್ಟರ ಪತ್ರ ಗಟ್ಟಿಯಾಗಿ ಉಳಿದಿತ್ತು. ಕಾಕಾ ಬೆರಳಿಟ್ಟು ನಿಧಾನವಾಗಿ ಓದಿ ನಮ್ಮ ಮಾತಿನಲ್ಲಿ ಹೇಳಿದರು: ಪೂರ್ವಕ್ಕೆ ಬಣ್ಣದ ಗಂಗವ್ವನ ಮನೆ. ಸದರಿ ಗಂಗವ್ವನಿಗೂ ಆಕೆಯ ಮಕ್ಕಳಿಗೂ ಈ ಬಾವಿಯ ನೀರು ಸೇದುವ ಹಕ್ಕುಂಟು.

ನಕಲು ಮನೆಗೆ ತಂದಾಗ ಅವ್ವ ತನ್ನ ಅವ್ವನ ಹೆಸರು ಎಲ್ಲಿದೆ ಎಂದು ಕೇಳಿ ಅಕ್ಷರಗಳನ್ನು ಸವರಿದಳು. “ನೀರಿಂದು ಇನ್ನೊಮ್ಮಿ ಓದ್ರಿ ಅಣ್ಣಾರ,” ಎಂದಳು. ಕಾಕಾ ಓದಿದರು. “ಶೆಟ್ರು ಇದನ್ನ ಬರಿಸಿ ಇಟ್ಟಾರಂತ ನಮಗ ಯಾರಿಗೂ ಗೊತ್ತಿದ್ದಿಲ್ಲ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮನೆಗೆ ಯಾರೇ ಬರಲಿ, ಚಹಾಕ್ಕಿಂತ ಮೊದಲು ಆ ಕಾಗದ ಬರುತ್ತಿತ್ತು. ಸೋದರಳಿಯಂದಿರಿಗಂತೂ ಎರಡೆರಡು ಸಲ. ಅವ್ವ ಸಮಾಧಾನದಿಂದ ಹೋದಳು. ಆ ಋಣ ಕಾಕಾರದು.

ಕೆಲವು ವರ್ಷಗಳ ಮೇಲೆ ಕಾಕಾ ಕೂಡ ಹೋದರು... ಮನೆ ಬೇರೆಯವರ ಪಾಲಾಯಿತು. ಹೊಸಬರು ಒಳ್ಳೆಯವರೇ, ಕರಿಬೇವಿಗೆ ಜಗಳ ತೆಗೆಯುವುದಿಲ್ಲ. ನನಗೆ ಆ ಜಗಳವೇ ಬೇಕಾಗಿತ್ತು.

“ಪಶ್ಚಿಮಕ್ಕ ಯಾರ ಮನಿರಿ ಬಾಯಾರ?” ಎಂದು ಪತ್ರ ಬರೆಯುವವರು ಕೇಳಿದರು. ಹೊಸಬರ ಹೆಸರು ಹೇಳಿ, ಮೊದಲಿದ್ದವರ ಹೆಸರನ್ನೂ ಸೇರಿಸಿರೆಂದೆ.

“ಅದೇನ್ ಬೇಕಾಗಿಲ್ರಿ.”

“ಇರ್ಲಿ, ಬರೀರಿ.”

ಅವರು ಪೆನ್ನು ಹಿಡಿದು ಕಾದರು. ಕಾಗದದಲ್ಲಿ ಬರೀ ಕಾಕಾ ಎಂದರೆ ಸಾಲದು. ಅವರ ಬಾಗಿಲ ಫಲಕದಲ್ಲಿ ದಿನವೂ ಓದುತ್ತಿದ್ದ ಪೂರ್ತಿ ಹೆಸರು ಹೇಳಿದೆ. ಅಷ್ಟು ವರ್ಷ ಗೋಡೆಗೆ ಗೋಡೆ ಹಚ್ಚಿ ಬಾಳಿದರೂ ಆ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು.