ದೊರೆಯ ಜೇನುಹುಳ, ಅಜ್ಜಿಯ ಮೂಗುಬೊಟ್ಟು

ಸೊರಬದಿಂದ ಶಿಕಾರಿಪುರಕ್ಕೆ ಹೊರಟ ಬಸ್ಸು ಶಿರಾಳಕೊಪ್ಪದಲ್ಲಿ ಸಂತೆಯ ಜನ ಹತ್ತಲೆಂದು ನಿಂತಿತ್ತು. ನಾನು ಮೊಬೈಲಿನಲ್ಲಿ, ಯುರೋಪಿನ ಫ್ರಾಂಕರೆಂಬ ಜನಾಂಗದ ಹಳೆಯ ದೊರೆಯೊಬ್ಬನ ಗೋರಿಯಲ್ಲಿ ಸಿಕ್ಕ ಒಡವೆಗಳನ್ನು ನೋಡುತ್ತಿದ್ದೆ. ಹೆಬ್ಬೆರಳಿನ ಉಗುರಿನಷ್ಟು ಚಿನ್ನದ ಜೇನುಹುಳ, ರೆಕ್ಕೆ ತುಂಬ ಕೆಂಪು ಹರಳು. ಪಕ್ಕದ ಸೀಟಿನ ಅಜ್ಜಿ ಬಗ್ಗಿ ನೋಡಿದರು.

"ಯಾರದ್ರೀ ಇದು?"

"ಫ್ರಾನ್ಸ್ ಕಡೆ ರಾಜಂದು ಅಜ್ಜಿ. ಹೆಣದ ಜೊತೆಗೇ ಹೂತಿದ್ರಂತೆ. ಸಾವಿರ ವರ್ಷದ ಮೇಲೆ ಮಣ್ಣಲ್ಲಿತ್ತು."

"ಅಯ್ಯೋ, ಬಿಚ್ಚಿಕೊಳ್ಳೋಕೆ ಹೆಣ್ಮಕ್ಕಳು ಇರಲಿಲ್ವೇನ್ರೀ ಅವಂಗೆ?"

ನಾನು ನಕ್ಕುಬಿಟ್ಟೆ. ಅಜ್ಜಿ ನಗಲಿಲ್ಲ. ತಮ್ಮ ಮೂಗುಬೊಟ್ಟು ಮುಟ್ಟಿ ತೋರಿಸಿದರು.

"ಇದು ನಮ್ಮವ್ವಂದು. ಮಣ್ಣಿಗಿಡೋ ಮುಂಚೆ ಬಿಚ್ಚೋಕೆ ಹೋದ್ರೆ ತಿರುಪು ಕಚ್ಕೊಂಡಿತ್ತು. ಎಲ್ರೂ ಹಿಂದೆ ಸರಿದ್ರು. ಎಣ್ಣೆ ಬಿಟ್ಟು ನಾನೇ ತಿರುವಿದೆ. ಅವ್ವಂಗೆ ನೋವಾಯ್ತೇನೋ ಅಂತ ಈಗ್ಲೂ ಅನ್ನಿಸ್ತದೆ."

ಬಸ್ಸು ಹೊರಟಿತು. ಶಿಕಾರಿಪುರದಲ್ಲಿ ಯಾರ ಮನೆಗೆ ಹೊರಟಿದ್ದೀರಿ ಎಂದು ಕೇಳಿದೆ.

"ಯಾರ ಮನೆಗೂ ಅಲ್ರೀ, ಅಕ್ಕಸಾಲಿ ಹತ್ರ. ಈ ತಿರುಪು ಸಡಿಲ ಮಾಡಿಸ್ಕೊಂಡು ಬರ್ಬೇಕು. ನನ್ನ ಮಗಳು ಬಹಳ ಪುಕ್ಕಲಿ."